ಎನಿಡ್ ಆಂಟಿಯ ಗಟ್ಟಿ ವೋಟು

ಅಪ್ಪಾ,

ಮತ್ತೆ ಚುನಾವಣೆ ಬಂದಿದೆ. ನಮ್ಮ ಪಕ್ಷ ಇನ್ನೂ ವಿರೋಧ ಪಕ್ಷವಾಗಿಯೇ ಇದೆ. ಈ ಸಲವಾದರೂ ಗೆಲ್ಲುತ್ತೇವೆಂದು ಬರ್ನ್ಲಿಯ ಕಚೇರಿಯಲ್ಲಿ ಎಲ್ಲರೂ ನಂಬಿದ್ದಾರೆ. ನೀನು ತೀರಿಕೊಂಡ ಮೇಲೆ ನಿನ್ನ ಬೀದಿಯ ಪ್ರಚಾರ ನನ್ನ ಪಾಲಿಗೆ ಬಂದಿದೆ.

ಇವತ್ತು ಎನಿಡ್ ಆಂಟಿಯ ಬಾಗಿಲು ತಟ್ಟಿದೆ. ನಮ್ಮ ಗಟ್ಟಿ ವೋಟು ಎಂದು ಪ್ರತಿ ಚುನಾವಣೆಗೂ ನೀನೇ ಕಾರಿನಲ್ಲಿ ಮತಗಟ್ಟೆಗೆ ಕರೆದೊಯ್ಯುತ್ತಿದ್ದೆಯಲ್ಲ, ಅವರೇ. ಟೀ ಕೊಟ್ಟು, ಬಿಸ್ಕತ್ತಿನ ಡಬ್ಬಿ ಮುಂದಿಟ್ಟು ಹೇಳಿದರು:

"ನಿನ್ನತ್ರ ಯಾಕೆ ಮುಚ್ಚಿಡ್ಲಿ ಕಣೇ, ನಾನು ಒಂದ್ಸಲಾನೂ ನಿಮಗೆ ವೋಟು ಹಾಕಿಲ್ಲ."

"ಮತ್ತೆ ಅಪ್ಪನ ಕಾರಲ್ಲಿ ಹೋಗ್ತಿದ್ರಲ್ಲ?"

"ಮಳೇಲಿ ಕೊಡೆ ಹಿಡ್ಕೊಂಡು ಬಾಗಿಲಲ್ಲಿ ನಿಂತೋನಿಗೆ ಹೇಗೆ ಹೇಳೋದು? ಹೋಗ್ತಿದ್ದೆ, ಆ ಕಡೆಯವರಿಗೆ ಹಾಕ್ತಿದ್ದೆ, ನಿಮ್ಮಪ್ಪನ ಪಕ್ಕದಲ್ಲೇ ಕೂತು ವಾಪಸ್ ಬರ್ತಿದ್ದೆ. ದಾರಿಯುದ್ದಕ್ಕೂ ಅವನ ಬಾಯಲ್ಲಿ ನಿನ್ನ ವಿಷಯಾನೇ. ನೀನು ಫೋನೇ ಮಾಡದ ವರ್ಷಗಳಲ್ಲಂತೂ ಬೇರೆ ಮಾತೇ ಇರ್ತಿರಲಿಲ್ಲ."

ನಾನು ಇನ್ನೊಂದು ಬಿಸ್ಕತ್ತು ತೆಗೆದುಕೊಂಡೆ.

ಸಂಜೆ ಕಚೇರಿಯಲ್ಲಿ ನಮ್ಮ ಚುನಾವಣಾ ಏಜೆಂಟ್ ಕ್ಯಾಲಮ್ ಕೇಳಿದ: "ನಿಮ್ಮಪ್ಪನ ಬೀದಿ ಹೇಗಿದೆ? ಗೆಲ್ತೀವಾ?"

"ಕಷ್ಟ ಇದೆ ಮಾರಾಯ."

"ಎನಿಡ್ ಆದ್ರೂ ನಮ್ಮೋರು ತಾನೆ?"

"ನಮ್ಮೋರೇ. ವೋಟಿನ ದಿನ ಕಾರು ತಗೊಂಡು ನಾನೇ ಹೋಗ್ತೀನಿ."

ಮತಗಟ್ಟೆ ಅವರ ಮನೆಗೆ ಹತ್ತಿರವೇ, ನಿನಗೆ ಗೊತ್ತಲ್ಲ. ನಾನು ಕಾಲುವೆಯನ್ನು ಸುತ್ತಿ, ದೂರದ ದಾರಿಯಲ್ಲಿ ಕರೆದುಕೊಂಡು ಹೋಗುತ್ತೇನೆ.

ನಿನ್ನ ಮಗಳು,
ರೋವೆನಾ