ಹಿಟ್ಟಿನ ಕೆಮ್ಮು

ಪ್ರೀತಿಯ ಭೀಮಣ್ಣ,

ನೀನಿದ್ದಾಗ ಒಂದು ಸಾಲೂ ಬರೆಯದವಳು, ನೀನು ಹೋಗಿ ನಾಲ್ಕು ವರ್ಷವಾದ ಮೇಲೆ ಪತ್ರ ಬರೆಯುತ್ತಿದ್ದೇನೆ. ಬಾಗಲಗುಂಟೆಯ ನಿನ್ನ ಹಿಟ್ಟಿನ ಮಿಲ್ಲಿಗೂ ಯಲಹಂಕದ ನನ್ನ ಲ್ಯಾಬಿಗೂ ಮಧ್ಯೆ ಫೋನೇ ಸಾಕಾಗಿತ್ತು. ಆ ಫೋನಿನ ವಿಷಯವನ್ನೇ ಇವತ್ತು ಬರೆಯಬೇಕಾಗಿದೆ.

"ಲ್ಯಾಬಲ್ಲಿ ಏನ್ ಕಡಿದು ಕಟ್ಟೆ ಹಾಕ್ತೀಯೇ?" ಎಂದು ನೀನು ರೇಗಿಸುತ್ತಿದ್ದೆ. ಈಗ ಹೇಳುತ್ತೇನೆ, ಕೇಳು. ನಮ್ಮ ಒಂದೊಂದು ಜೀವಕೋಶದಲ್ಲೂ ನಿನ್ನ ಮಿಲ್ಲಿನಂಥ ಲಕ್ಷಗಟ್ಟಲೆ ಮಿಷನ್ನುಗಳಿವೆ. ಜೀನಿನಿಂದ ಚೀಟಿ ಬರುತ್ತದೆ, ಅದನ್ನು ಓದಿ ಅವು ಪ್ರೋಟೀನು ಮಾಡಿಕೊಡುತ್ತವೆ. ಕೊರೊನಾ ವೈರಸ್ಸು ಒಳಹೊಕ್ಕು, ತನ್ನದೊಂದು ಪ್ರೋಟೀನನ್ನು ಆ ಮಿಷನ್ನಿನ ಬಾಯಿಗೆ ತುರುಕುತ್ತದೆ. ನಮ್ಮ ಚೀಟಿಗಳು ಹೊರಗೇ ನಿಲ್ಲುತ್ತವೆ, ಎಷ್ಟೋ ಹರಿದುಹೋಗುತ್ತವೆ. ಅದರ ಚೀಟಿಗಳ ತುದಿಯಲ್ಲಿ ಮಾತ್ರ ಒಂದು ಗುರುತಿರುತ್ತದೆ, ಅವು ನುಸುಳುತ್ತವೆ. ಬಾಣಂತಿ ಮನೆಯ ಡಬ್ಬ ಅಂದರೆ ನೀನು ಸಾಲು ಬಿಡಿಸಿ ಮೊದಲು ಹಾಕಿಕೊಡುತ್ತಿದ್ದೆಯಲ್ಲ, ಹಾಗೆ. ಆಪತ್ತು ಬಂದಿದೆ ಎಂದು ಮೈಗೆ ತಿಳಿಸುವ ಪ್ರೋಟೀನು ತಯಾರಾಗುವುದೇ ತಡವಾಗುತ್ತದೆ. ಕೆಲವರಿಗೆ ಮೊದಮೊದಲು ಜ್ವರ ಕಾಣದಿರಲು ಅದೂ ಒಂದು ಕಾರಣವಿರಬಹುದು. ನಿನ್ನೊಳಗೂ ಹಾಗೇ ಆಯಿತೆಂದು ಪ್ರಮಾಣ ಮಾಡಿ ಹೇಳಲಾರೆ.

ಇದೆಲ್ಲ ನಾನು ಕಲಿತದ್ದು ಆಮೇಲೆ. ೨೦೨೧ರ ಏಪ್ರಿಲ್‌ನಲ್ಲಿ ನೀನು ಮಿಲ್ಲಿನಿಂದ ಫೋನ್ ಮಾಡಿದೆ. "ಕೆಮ್ಮು ಕಣೇ, ಜ್ವರ ಇಲ್ಲ. ನಿಮ್ಮತ್ತಿಗೆ ಆಸ್ಪತ್ರೆ ಆಸ್ಪತ್ರೆ ಅಂತ ಪ್ರಾಣ ತಿಂತಾವ್ಳೆ." ನಿನ್ನ ಕೆಮ್ಮು ನಮಗೆಲ್ಲ ಹಳೆಯದು. ಇಪ್ಪತ್ತು ವರ್ಷ ಹಿಟ್ಟಿನ ಧೂಳು ಕುಡಿದವನು ಕೆಮ್ಮದೆ ಇರುತ್ತಾನೆಯೇ? "ಹಿಟ್ಟಿನ ಕೆಮ್ಮು ಬಿಡಣ್ಣ, ಈಗ ಆಸ್ಪತ್ರೆಗೆ ಹೋದ್ರೆ ಇಲ್ಲದ್ದು ಅಂಟ್ಕೊಳ್ಳುತ್ತೆ" ಎಂದುಬಿಟ್ಟೆ ನಾನು. ಓದಿದ ತಂಗಿಯ ಮಾತೆಂದು ನೀನು ನಂಬಿದೆ. ಆರನೇ ದಿನ ನಿನಗೆ ಉಸಿರು ಸಿಗಲಿಲ್ಲ.

ಪ್ರತಿ ವರ್ಷ ನಿನ್ನ ತಿಥಿಯ ದಿನ ಅತ್ತಿಗೆ ಎಡೆ ಇಟ್ಟು, "ನಾನೇ ಎಳ್ಕೊಂಡು ಹೋಗ್ಬೇಕಿತ್ತು" ಎಂದು ಅಳುತ್ತಿದ್ದರು. ನಾನು ಪಕ್ಕದಲ್ಲೇ ಬಾಳೆಲೆ ಒರೆಸುತ್ತಾ, ಬಾಯಿ ಬಿಡದೆ ಕೂತಿರುತ್ತಿದ್ದೆ. ನೆನೆದರೆ ನಾಚಿಕೆಯಾಗುತ್ತದೆ ಅಣ್ಣ.

ನಿನ್ನೆಯ ತಿಥಿಯಲ್ಲಿ ತಡೆಯಲಾಗಲಿಲ್ಲ. ಆ ದಿನ ನಿನಗೆ ಹೇಳಿದ್ದನ್ನೆಲ್ಲ ಅತ್ತಿಗೆಯ ಮುಂದೆ ಹೇಳಿಬಿಟ್ಟೆ. ಅವರು ಸೌಟು ಕೆಳಗಿಟ್ಟರು.

"ಗೊತ್ತು ರಮಾ. ಮಿಷನ್ ಸದ್ದಿಗೆ ಕೇಳಲ್ಲ ಅಂತ ನಿಮ್ಮಣ್ಣ ಫೋನ್ ಸ್ಪೀಕರ್‌ಗೆ ಹಾಕಿದ್ರು, ನಾನಲ್ಲೇ ಇದ್ದೆ. ನಂಗೆ ಗೊತ್ತು ಅಂತ ಹೇಳಿದ್ರೆ ನೀನು ಲ್ಯಾಬಿನ ಕೆಲಸಾನೇ ಬಿಟ್ಟುಬಿಡ್ತಿದ್ದೆ."

ನಿನ್ನಲ್ಲಿ ಕ್ಷಮೆ ಕೇಳೋಣವೆಂದು ಇಷ್ಟು ವರ್ಷ ಕಾದಿದ್ದೆ. ಈಗ ಅತ್ತಿಗೆಯಲ್ಲಿ ಹೇಗೆ ಕೇಳಲಿ, ನೀನೇ ಹೇಳು.

ನೀನಿರುವಲ್ಲಿ ಉಸಿರು ಹಗುರವಾಗಿರಲಿ.

ನಿನ್ನ ತಂಗಿ,
ರಮಾ