ಸಾಹುಕಾರರ ತೂಕ

ಅಮ್ಮಾ,

ನೀನು ಹೋಗಿ ಮೂರು ವರ್ಷವಾಯಿತು. ಈ ಕಾಗದ ನಿನಗೆ ತಲುಪುವುದಿಲ್ಲ, ಆದರೂ ಇವತ್ತಿನ ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರೆ.

ನಾವು ಹೆಂಗಸರೆಲ್ಲ ಸೇರಿ ಕುಟ್ಟಿದ ಮೆಣಸಿನಪುಡಿಯ ಮೂಟೆಗಳನ್ನು ಸಾಹುಕಾರರ ಅಂಗಡಿಗೆ ಹೊತ್ತು ಹೋದೆವು. ಅವರು ಗೋಳಾಡುತ್ತಿದ್ದರು: "ಡಾಕ್ಟ್ರು ತೊಂಬತ್ತು ಕೆಜಿ ಆಗಿದ್ದೀರಿ, ಊಟ ಕಡಿಮೆ ಮಾಡಿ ಅಂದ್ಬಿಟ್ರಮ್ಮ."

ನನ್ನ ಬಾಯಿ ಸುಮ್ಮನಿರಬೇಕಲ್ಲ! "ಒಂದ್ಸಲ ನಿಮ್ಮ ತೂಕದ ಮೆಷಿನ್ ಮೇಲೇ ನಿಂತು ನೋಡಿ" ಎಂದೆ.

ನಿಂತರು. ಮುಳ್ಳು ಎಂಬತ್ತಕ್ಕೇ ನಿಂತಿತು.

"ಹತ್ತು ಕೆಜಿ ಇಳಿದ್ಬಿಟ್ರಲ್ಲ! ಹೊಟ್ಟೆ ತುಂಬ ಉಣ್ಣಿ!" ಎಂದಳು ಚಿಕ್ಕಮ್ಮ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅವರ ಮುಖ ನಮ್ಮ ಪುಡಿಗಿಂತ ಕೆಂಪಾಯಿತು.

"ಇನ್ಮೇಲೆ ನಮ್ಮ ಅಂಗಳಕ್ಕೆ ಬಂದು, ನಮ್ಮ ತಕ್ಕಡೀಲೇ ತೂಗಿ ತಗೊಂಡ್ ಹೋಗಿ" ಎಂದೆ. ಡಾಕ್ಟರು ಸುಳ್ಳು ಎನ್ನಲೂ ಆಗದೆ, ಮೆಷಿನ್ ಸುಳ್ಳು ಎನ್ನಲೂ ಆಗದೆ ಸಾಹುಕಾರರು ಹೂಂ ಎಂದು ತಲೆಯಾಡಿಸಿದರು.

ದಾರಿಯುದ್ದಕ್ಕೂ ಚಿಕ್ಕಮ್ಮ ಅವರಂತೆ ನಡೆದು ತೋರಿಸಿ ನಗಿಸಿದಳು. ನೀನಿದ್ದಿದ್ದರೆ ಇನ್ನೂ ಚೆನ್ನಾಗಿ ನಡೆದು ತೋರಿಸುತ್ತಿದ್ದೆ.

ಅಂದು ಅದೇ ಅಂಗಡಿಯಲ್ಲಿ ನೀನು ಮೂಟೆ ಇಳಿಸಿ, "ಹೊತ್ತ ಹೆಗಲಿಗೆ ಗೊತ್ತು, ಈ ತೂಕ ಸರಿಯಿಲ್ಲ" ಎಂದಿದ್ದೆ. ಪಕ್ಕದಲ್ಲಿದ್ದ, ನಾಲ್ಕಕ್ಷರ ಕಲಿತವಳು ನಿನ್ನ ಸೆರಗು ಜಗ್ಗಿ, "ಸುಮ್ನಿರಮ್ಮ, ಮೆಷಿನ್ ಸುಳ್ಳು ಹೇಳುತ್ತಾ?" ಎಂದಿದ್ದಳು.

ಇಂತಿ,
ನಿನ್ನ ಓದಿದ ಮಗಳು