ಹೊಂಡಕ್ಕೆ ಬಿಟ್ಟ ಮೀನು

ಬೇಡಕಿಹಾಳ
೨೦-೯-೧೯೯೧, ಶುಕ್ರವಾರ

ಪ್ರೀತಿಯ ಅವ್ವಾ, ಜಯ ಜಿನೇಂದ್ರ.

ಅಥಣಿಯ ನೀರು ನಿನಗೆ ಒಗ್ಗಿತೇ? ಮೊಣಕಾಲಿನ ನೋವು ಹೇಗಿದೆ? ತಾರಾ ಮತ್ತು ಕೂಸು ಆರಾಮವಾಗಿದ್ದಾರೆಂದು ಭಾವ ಬರೆದ ಕಾರ್ಡು ಮುಟ್ಟಿತು. ಕೂಸಿಗೆ ಅಜ್ಜನ ಮೂಗು ಬಂದಿದೆಯಂತೆ. ಪಾಪ, ಮುಖ ಬೆಳೆದು ಆ ಮೂಗಿಗೆ ಸರಿಹೊಂದಲು ಇಪ್ಪತ್ತು ವರ್ಷವಾದರೂ ಬೇಕು. ಬಾಣಂತಿಯನ್ನು ಬಿಟ್ಟು ನೀನು ಬರಲಾಗದು, ಗೊತ್ತು. ಆದರೂ ಹೇಳದೆ ಇರಲಾರೆ. ಅಪ್ಪ ಊಟ ಬಿಟ್ಟು ಇವತ್ತಿಗೆ ಏಳು ದಿನ. ದಿನಕ್ಕೊಮ್ಮೆ ಕಾಯಿಸಿದ ನೀರು, ಅಷ್ಟೇ. ದಶಲಕ್ಷಣ ಪರ್ವದ ದಿನಗಳಾದ್ದರಿಂದ ಊರವರು ಇದನ್ನು ವ್ರತವೆಂದೇ ತಿಳಿದಿದ್ದಾರೆ, ಬಾಗಿಲಿಗೆ ಬಂದು ಕೈಮುಗಿದು ಹೋಗುತ್ತಾರೆ. ಇದು ವ್ರತವಲ್ಲ ಅವ್ವಾ. ಪರ್ವ ಮುಗಿದ ಮೇಲೂ ಉಣ್ಣುವುದಿಲ್ಲವೆಂದು ನಿನ್ನ ಸೊಸೆ ಲಕ್ಷ್ಮಿಬಾಯಿಗೆ ಹೇಳಿದ್ದಾರೆ. ಎಪ್ಪತ್ತೆರಡರ ದೇಹ ಎಷ್ಟು ದಿನ ತಡೆದೀತು?

ಇದಕ್ಕೆಲ್ಲ ನಮ್ಮ ಓಣಿಯ ಹೊಂಡವೇ ಮೂಲ. ಮಳೆಯ ನೀರು ಮನೆಗಳಿಗೆ ನುಗ್ಗದಿರಲೆಂದು ಹಿರಿಯರು ತೋಡಿಸಿದ ಹೊಂಡಕ್ಕೆ ಈಗ ಮಳೆಯ ನೀರಿಗಿಂತ ನಮ್ಮ ಬಚ್ಚಲ ನೀರೇ ಹೆಚ್ಚು ಹರಿಯುತ್ತದೆ. ನೀನು ಅಥಣಿಗೆ ಹೋದ ಮೇಲಂತೂ ನೀರು ಹಸಿರಾಗಿ, ಆಮೇಲೆ ಕಪ್ಪಾಗಿ, ಓಣಿಯ ಜನ ಕಿಟಕಿ ಮುಚ್ಚಿಕೊಂಡೇ ಉಣ್ಣುವಂತಾಯಿತು. ಹೊಂಡದ ಕಮಿಟಿಗೆ ನಾನೇ ಯಜಮಾನ. ಓದಿದವನೆಂದು ತಲೆಗೆ ಕಟ್ಟಿದರು, ನಾನೂ ಉಬ್ಬಿ ಒಪ್ಪಿಕೊಂಡಿದ್ದೆ. ಪಂಚಾಯಿತಿಯ ಮಲಕಾರಿ ಗಟಾರ ಬಳಿಯಲು ಬಂದಾಗಲೆಲ್ಲ ಹೇಳುತ್ತಿದ್ದ: "ಮಾಸ್ತರ, ತಳದಾಗಿನ ರಾಡಿ ತಗಸ್ರಿ, ಬಚ್ಚಲ ನೀರ ಬ್ಯಾರೆ ಕಡೆ ತಿರಿವಿ ಬಿಡ್ರಿ. ಮ್ಯಾಲ ಏನ ಹಾಕಿದ್ರೂ ಈ ನಾತ ಹೋಗಂಗಿಲ್ರಿ." ಆದರೆ ಚಾತುರ್ಮಾಸದಲ್ಲಿ ಹಸಿ ಮಣ್ಣು ಅಗೆದರೆ ಎಷ್ಟೋ ಜೀವ ಸಾಯುತ್ತವೆಂದು ಬಸದಿಯ ಹಿರಿಯರು ಬೇಡವೆಂದರು. ದೀಪಾವಳಿ ಮುಗಿಯಲಿ ಎಂದು ನಾನೂ ಕೈಕಟ್ಟಿ ಕುಳಿತೆ.

ಪರ್ವದ ಮೊದಲ ದಿನ ಅಪ್ಪ ಸಂತೆಯಲ್ಲಿ ಜೀವಂತ ಮೀನು ಕೊಂಡು ದೂಧಗಂಗೆಗೆ ಬಿಡುವುದು ನಿನಗೆ ಗೊತ್ತೇ ಇದೆ. ಈ ಸಲ ಹೊಳೆ ದಂಡೆ ಮೀರಿ ಬಂದಿತ್ತು. ಸೆಳವಿಗೆ ಇಳಿಯುವ ಹಾಗಿರಲಿಲ್ಲ. ಎರಡು ಹಂಡೆ ಮೀನು ಗಾಡಿಯಲ್ಲಿ ಮನೆಗೆ ತಂದು, "ಹೊಂಡ ತುಂಬೇತಿ, ಇಲ್ಲೇ ಇರ್ಲಿ, ದಿನಾ ಕಣ್ಣಿಗೆ ಬೀಳತಾವು" ಎಂದು ಣಮೋಕಾರ ಮಂತ್ರ ಹೇಳುತ್ತ ಒಂದೊಂದನ್ನೇ ಕೈಯಾರೆ ಬಿಟ್ಟರಂತೆ. ನಾನು ಶಾಲೆಯಿಂದ ಬರುವಷ್ಟರಲ್ಲಿ ಹಂಡೆ ಖಾಲಿಯಾಗಿದ್ದವು. ಮರುದಿನ ಬೆಳಿಗ್ಗೆ ಹೊಂಡದ ತುಂಬ ಬಿಳಿ ಹೊಟ್ಟೆಗಳು. ಎಲ್ಲರೂ ಸೆರಗು, ಪಂಚೆ ಮೂಗಿಗೆ ಹಿಡಿದಿದ್ದರು, ಅಪ್ಪ ಹಿಡಿಯಲಿಲ್ಲ. "ಬಲ್ಯಾಗ ಸತ್ತಿದ್ರ ಪಾಪ ಬೆಸ್ತಂದಾಗತಿತ್ತು. ಇದು ನಂದು" ಎಂದರು. ಅಷ್ಟೇ ಮಾತು. ಅವತ್ತಿನಿಂದ ತಾಟಿನ ಮುಂದೆ ಕೂತಿಲ್ಲ.

ಮಲಕಾರಿ ಎಲ್ಲವನ್ನೂ ಬುಟ್ಟಿಯಲ್ಲಿ ಬಳಿದು ದೂರ ಒಯ್ದು ಹೂತ. ಒಂದೂ ಉಳಿದಿಲ್ಲ, ನಾನೇ ಸುತ್ತಾಡಿ ನೋಡಿದ್ದೇನೆ. ಆದರೂ ಆ ವಾಸನೆ ಮನೆಯೊಳಗೆ ನಮಗಿಂತ ಮೊದಲು ಎದ್ದಿರುತ್ತದೆ. ಲಕ್ಷ್ಮಿಬಾಯಿ ಧೂಪ ಹಾಕುತ್ತಾಳೆ, ತೊಳೆದ ಪಾತ್ರೆಯನ್ನೇ ತೊಳೆಯುತ್ತಾಳೆ. ಬೆಳಗಾದರೆ ಅಪ್ಪ ಹೊಂಡದ ಮೆಟ್ಟಿಲ ಮೇಲೆ ಕೂತು, "ಅಲ್ಲಿ ನೋಡು, ಒಂದು ಬಾಯಿ ಬಿಟ್ಟಂಗಾತು" ಎನ್ನುತ್ತಾರೆ. ತಳದ ಕೊಳೆಯಿಂದ ಏಳುವ ಗುಳ್ಳೆಗಳು ಅವು, ಮಕ್ಕಳಿಗೆ ನಾನೇ ಅದನ್ನು ಪಾಠ ಮಾಡಿದ್ದೇನೆ. ಅಪ್ಪನಿಗೂ ಹಾಗೆಯೇ ಹೇಳಿದೆ. ಅವರು ತಲೆಯಾಡಿಸಿ ಮತ್ತೆ ನೀರನ್ನೇ ನೋಡಿದರು. ನಿಜ ಹೇಳಲೇ ಅವ್ವಾ, ಮೂರು ದಿನದಿಂದ ನನಗೂ ಅವು ಗುಳ್ಳೆಯಾಗಿ ಕಾಣುತ್ತಿಲ್ಲ. ತರಗತಿಯಲ್ಲಿ ಬೆರಳಿಗೆ ಸೀಮೆಸುಣ್ಣದ ಪುಡಿ ಹತ್ತಿದರೂ ಹೊರಗೆ ಓಡಿ ಕೈ ತೊಳೆಯುತ್ತೇನೆ. ಹುಡುಗರು ನಗುತ್ತಾರೆ. ನನಗೆ ಹೆದರಿಕೆಯಾಗುತ್ತದೆ.

ತಾರಾಗೆ ತಣ್ಣೀರು ಮುಟ್ಟಬೇಡವೆಂದು ನಾನು ಗದರಿಸಿದೆನೆಂದು ಹೇಳು. ಭಾವನಿಗೆ ನಮಸ್ಕಾರ. ಕೂಸಿನ ಅಂಗಾಲಿಗೆ ಸೋದರಮಾವನ ಹೆಸರಿನಲ್ಲಿ ಒಂದು ಮುತ್ತು ಕೊಡು. ನಿನ್ನ ಪಾದಕ್ಕೆ ಹಣೆ ಹಚ್ಚುವ,

ನಿನ್ನ ಮಗ
ಶ್ರೀಪಾಲ

ತಾ.ಕ.: ಶನಿವಾರ ಬೆಳಿಗ್ಗೆ. ಟಪಾಲು ಹೊರಡುವ ಮುಂಚೆ ಅವಸರದಲ್ಲಿ ಬರೆಯುತ್ತಿದ್ದೇನೆ. ಮೀನು ಬಿಡುವ ಹಿಂದಿನ ಸಂಜೆ ಹೊಂಡಕ್ಕೆ ಬ್ಲೀಚಿಂಗ್ ಪೌಡರ್ ಸುರಿದವನು ನಾನು. ಶಾಲೆಯಲ್ಲಿದ್ದ ಚೀಲ ಪೂರ್ತಿ ಸುರಿದೆ. ಮರುದಿನ ಮುನಿಗಳು ಆಹಾರಕ್ಕೆ ನಮ್ಮ ಓಣಿಗೆ ಬರುವವರಿದ್ದರು, ನಾತಕ್ಕೆ ನಾಚಿಕೊಂಡೆ. ಅಪ್ಪ ಮೀನು ಬಿಟ್ಟಿದ್ದಾರೆಂದು ತಿಳಿದ ಸಂಜೆಯೇ ಹೇಳಿದ್ದರೆ ಅರ್ಧವಾದರೂ ಉಳಿಯುತ್ತಿದ್ದವು. ಬಾಯಿ ಬರಲಿಲ್ಲ. ನೀನು ಒಂದು ದಿನದ ಮಟ್ಟಿಗಾದರೂ ಬಾ, ನೀನೇ ಅಪ್ಪನಿಗೆ ಹೇಳು. ಇವತ್ತು ಬೆಳಿಗ್ಗೆ ಅಪ್ಪ ನನ್ನ ಕೈಹಿಡಿದು ಮೆಟ್ಟಿಲಿಗೆ ಕರೆದೊಯ್ದರು. ಬೊಗಸೆಯಲ್ಲಿ ನೀರೆತ್ತಿ ನನ್ನ ಮೂಗಿಗೆ ಹಿಡಿದು, "ನೀ ಮಾಸ್ತರ ಅದಿ. ಇದು ಯಾತರ ನಾತ, ಹೇಳು" ಎಂದರು. ಬೊಗಸೆಯ ನೀರು ಸೋರಿಹೋಗುವವರೆಗೂ ನನ್ನ ಮುಖವನ್ನೇ ನೋಡುತ್ತ ಕಾದರು. ನಾನು "ಮೀನಿಂದು" ಎಂದೆ. ಅವರು ಮನೆಗೆ ಬಂದು, ಕುಡಿಯಲೆಂದು ಕಾಯಿಸಿಟ್ಟ ನೀರನ್ನೂ ತುಳಸಿಯ ಬುಡಕ್ಕೆ ಚೆಲ್ಲಿ, ತಂಬಿಗೆ ಬೋರಲು ಹಾಕಿದರು.